ಸಿದ್ದರಾಜು ಹಾಕಿಸಿದ ಫ್ಲೆಕ್ಸು

ಮಂಗಳವಾರ ಬೆಳಿಗ್ಗೆ ಏಳೂಕಾಲಿಗೆ, ನೆಲಮಂಗಲದ ಬಸ್ ಸ್ಟ್ಯಾಂಡ್ ಎದುರಿಗೆ, ಸಿದ್ದರಾಜು ತಾನು ಸತ್ತುಹೋಗಿರೋದನ್ನ ಕಣ್ಣಾರೆ ನೋಡಿದ.

ಎಂಟಡಿ ಅಗಲದ ಫ್ಲೆಕ್ಸು. ಎರಡು ಸರ್ವೆ ಕಂಬಕ್ಕೆ ಬಿಗಿಯಾಗಿ ಕಟ್ಟಿದ್ದಾರೆ, ಗಾಳಿಗೆ ಒಂಚೂರೂ ಅಲ್ಲಾಡ್ತಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ಆ ಕಡೆಗೊಂದು, ಈ ಕಡೆಗೊಂದು ಉರಿಯೋ ದೀಪ. ನಟ್ಟನಡುವೆ ಚೆಂಡುಹೂವಿನ ಹಾರದೊಳಗೆ, ಮದುವೆಮನೆ ಬಾಣಲೆಯಷ್ಟು ದೊಡ್ಡದಾಗಿ ಸಿದ್ದರಾಜುವಿನ ಮುಖ. ಹೋದ ವರ್ಷ ನಾದಿನಿ ಮಗಳ ಮದುವೆಯಲ್ಲಿ ತೆಗೆದ ಫೋಟೋ ಅದು. ಬೋಳು ತಲೆ ಮೇಲೆ ಮಂಟಪದ ಲೈಟು ಬಿದ್ದು ಫಳಫಳ ಅಂತಿದೆ. ಹಣೆಗೆ ಕುಂಕುಮ, ಊಟ ಆದ ಮೇಲೆ ತೆಗೆದದ್ದರಿಂದ ಮುಖದಲ್ಲಿ ಒಂದು ತೃಪ್ತಿ ಬೇರೆ. ಹೋದವರ ಫೋಟೋಗೆ ಅಂತಲೇ ಹೇಳಿಮಾಡಿಸಿದ ಹಾಗಿತ್ತು.

ಮುಖದ ಕೆಳಗೆ ಮಾತ್ರ ಬೇರೆ ಹೆಸರು. ದಿವಂಗತ ಜಯಕುಮಾರ್, 'ಖಾಲಿ ಸೈಟು' ಬ್ಯಾಂಡಿನ ಗಾಯಕರು. ಇನ್ನೂ ಕೆಳಗೆ, ಮೂಲೆಯಲ್ಲಿ, ತಟ್ಟೆಯಷ್ಟು ಚಿಕ್ಕ ಇನ್ನೊಂದು ಫೋಟೋ. ಭುಜದವರೆಗೆ ಕೂದಲು ಬಿಟ್ಟಿರೋ, ಗಿಟಾರಿನ ಪಟ್ಟಿ ಹೆಗಲಿಗೇರಿಸಿರೋ ಇಪ್ಪತ್ತಾರು ವರ್ಷದ ಹುಡುಗ. ಅವನ ಕೆಳಗೆ ಬರೆದಿತ್ತು: ಶೋಕತಪ್ತ ಅಭಿಮಾನಿ, ಸಿದ್ದರಾಜು, ನೆಲಮಂಗಲ.

ಸತ್ತವನು ಕೆಳಗೆ, ಅತ್ತವನು ಮೇಲೆ. ಫೋಟೋ ಅದಲುಬದಲಾಗಿತ್ತು. ಹೆಸರು ಸರಿಯಾಗಿದ್ದು ಏನು ಪ್ರಯೋಜನ ಹೇಳಿ, ನಮ್ಮ ಕಡೆ ಫ್ಲೆಕ್ಸಿನಲ್ಲಿ ಹೆಸರು ಓದೋರು ಯಾರು? ಬಸ್ಸಿಗೆ ಓಡೋ ಜನ ಮುಖ ನೋಡ್ತಾರೆ, ಲೊಚಗುಟ್ತಾರೆ, ಹೋಗ್ತಾರೆ.

ಸಿದ್ದರಾಜುವಿನ ಪಕ್ಕದಲ್ಲೇ ಎಳನೀರು ಮಾರೋ ಗೋಪಾಲಪ್ಪ, ಹದಿನೈದು ವರ್ಷದಿಂದ ಪರಿಚಯ, ಆಗತಾನೆ ಫ್ಲೆಕ್ಸಿಗೆ ಕೈಮುಗಿದು ಮಚ್ಚು ಎತ್ತಿದ್ದವನು ಈಚೆ ತಿರುಗಿದ. ಮಚ್ಚು ಹಾಗೇ ಗಾಳಿಯಲ್ಲಿ ನಿಂತಿತು.

"ಸಿದ್ದಣ್ಣ," ಅಂದ. ಆಮೇಲೆ ಫ್ಲೆಕ್ಸು ನೋಡಿದ. ಆಮೇಲೆ ಸಿದ್ದರಾಜುವಿನ ಕಾಲು ನೋಡಿದ. ಕಾಲು ಇದೆಯೋ ಇಲ್ಲವೋ ಅಂತ ಖಾತ್ರಿ ಮಾಡ್ಕೊಂಡಿರಬೇಕು.

"ನಾನೇ ಕಣಪ್ಪ," ಅಂದ ಸಿದ್ದರಾಜು.

ಈ ಸಿದ್ದರಾಜು ಯಾರು, ಆ ಜಯಕುಮಾರ್ ಯಾರು ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ಈ ಅವಾಂತರ ಎಷ್ಟು ದೊಡ್ಡದು ಅಂತ ನಿಮಗೆ ತಿಳಿಯೋದಿಲ್ಲ. ಸಿದ್ದರಾಜುಗೆ ನಲವತ್ತೈದು. ಹೈವೇ ಪಕ್ಕದ ಒಂದು ದೊಡ್ಡ ಗೋಡೌನಿನಲ್ಲಿ ಸೂಪರ್‌ವೈಸರು. ಹೆಂಡತಿ ಜ್ಯೋತಿಲಕ್ಷ್ಮಿ, ಪಿಯುಸಿ ಓದೋ ಮಗಳು ಯಶಸ್ವಿನಿ. ನೋಡೋದಕ್ಕೆ ಸಾಧು ಮನುಷ್ಯ. ಕಂಪನಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ಗೋಡೌನ್ ಗೇಟಿಗೇ ಕಣ್ಣು ಬಿಡೋದು. ಏನೋ ಭಜನೆ ಕೇಳ್ತಾನೆ, ದೈವಭಕ್ತ, ಅಂತ ಬಸ್ಸಿನಲ್ಲೆಲ್ಲ ಹೆಸರು.

ಭಜನೆಯೂ ಅಲ್ಲ, ಸುಡುಗಾಡೂ ಅಲ್ಲ. ಆ ಕಿವಿಯೊಳಗೆ ಇಪ್ಪತ್ತು ವರ್ಷದಿಂದ ಬಡೀತಿದ್ದದ್ದು ಖಾಲಿ ಸೈಟು ಬ್ಯಾಂಡಿನ ಡ್ರಮ್ಮು.

ಇಪ್ಪತ್ಮೂರನೇ ವಯಸ್ಸಿನಲ್ಲಿ ಸಿದ್ದರಾಜು ಬೆಂಗಳೂರಿನ ಒಂದು ಕೊರಿಯರ್ ಆಫೀಸಿನಲ್ಲಿದ್ದ. ಒಂದು ದಿನ ರಾಜಾಜಿನಗರದಲ್ಲಿ ಪಾರ್ಸೆಲ್ ಕೊಡೋದಕ್ಕೆ ಮೂರನೇ ಮಹಡಿ ಹತ್ತಿದ. ಬಾಗಿಲು ತೆಗೆದರೆ ನಾಲ್ಕೂ ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ದಾರೆ. ಮೊಟ್ಟೆ ವ್ಯಾಪಾರದೋರು ಅಂದ್ಕೊಂಡ. ಒಳಗಿದ್ದ ನಾಲ್ಕು ಜನ ಹುಡುಗರು ಇವನನ್ನ ಗಮನಿಸಲೂ ಇಲ್ಲ, ಒಂದು ಹಾಡು ಶುರು ಮಾಡಿಬಿಟ್ಟರು. ಸದ್ದು ಹೊರಗೆ ಹೋಗದಿರಲಿ ಅಂತ ಆ ಮೊಟ್ಟೆ ಟ್ರೇ ಅನ್ನೋದು ಆಗ ಗೊತ್ತಾಯ್ತು. ಎದೆಗೆ ಯಾರೋ ಒದ್ದ ಹಾಗಾಯ್ತು ಸಿದ್ದರಾಜುಗೆ. ಇಂಗ್ಲಿಷಿನವರ ಥರ ಗಿಟಾರು, ಆದರೆ ಮಾತು ನಮ್ಮದೇ. ಬಸ್ ಪಾಸು, ಬಾಡಿಗೆ ರೂಮು, ಲೇಔಟಿನ ಬೀದಿನಾಯಿ, ಸಂಜೆ ಆರು ಗಂಟೆಯ ಪೀಣ್ಯ. ತನ್ನ ದಿನಗಳನ್ನ ಯಾರೋ ಹಿಂದೆ ಹಿಂದೆ ಬಂದು ನೋಡಿ ಬರೆದಿದ್ದಾರೆ ಅನ್ನಿಸಿತು. ಹಾಡ್ತಿದ್ದವನೇ ಜಯಕುಮಾರ್. ಇವನಿಗಿಂತ ಮೂರು ವರ್ಷಕ್ಕೆ ದೊಡ್ಡವನು.

ಯಾವ ಸಿನಿಮಾಗೂ ಹಾಡಿದವರಲ್ಲ, ಯಾವ ಕಂಪನಿ ಹಂಗಿನಲ್ಲೂ ಇದ್ದವರಲ್ಲ. ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ಆಂಪ್ಲಿಫೈಯರ್ ಹೊತ್ತುಕೊಂಡು ಹೋಗಿ ಹಾಡೋದು. ಇಂಡಿ ರಾಕ್ ಅಂತಾರೆ ಅದನ್ನ ಅಂತ ಸಿದ್ದರಾಜು ಆಮೇಲೆ ಕಲಿತ. ಕಲಿತು ಎಲ್ಲರಿಗೂ ಹೇಳೋದಕ್ಕೆ ಹೋದ. ಕೇಳಿದ ಪ್ರತಿಯೊಬ್ಬರದೂ ಒಂದೇ ಪ್ರಶ್ನೆ: ಯಾವ ಸಿನಿಮಾದ್ದು? ಮದುವೆಯಾದ ವಾರದಲ್ಲಿ ಜ್ಯೋತಿಲಕ್ಷ್ಮಿನೂ ಅದನ್ನೇ ಕೇಳಿದಳು. "ಸಿನಿಮಾದ್ದಲ್ಲ ಕಣೇ, ಅವರದೇ," ಅಂದ. "ಅವರದೇ ಅಂದ್ರೆ, ಯಾರು ಹೀರೋ?" ಅಂದಳು. ಅವತ್ತು ಮುಚ್ಚಿದ ಬಾಯಿ, ಆಮೇಲೆ ಮನೆಯಲ್ಲಿ ಆ ಹಾಡಿನ ಸುದ್ದಿ ಎತ್ತಲಿಲ್ಲ.

ನಾಲ್ಕು ವರ್ಷದಲ್ಲಿ ಮೂವತ್ತೊಂದು ಸಲ ಆ ಬ್ಯಾಂಡು ಕೇಳಿದ್ದ. ಕಾಲೇಜು ಮೈದಾನ, ಸಣ್ಣ ಹಾಲು, ಒಂದು ಸಲ ಯಾವುದೋ ಅಂಗಡಿಯ ಪಾರ್ಕಿಂಗ್ ಜಾಗ. ಜೊತೆಗೆ ಯಾವಾಗಲೂ ಬಿಲಾಲ್, ನೆಲಮಂಗಲದವನೇ, ಒಂದನೇ ಕ್ಲಾಸಿನಿಂದ ಗೆಳೆಯ. ಇಬ್ಬರಿಗೂ ಒಂದೇ ತಾಪತ್ರಯ. ನೆಲಮಂಗಲದ ಕೊನೇ ಬಸ್ಸು. ಬ್ಯಾಂಡಿನವರು ಎಲ್ಲಾ ಕಡೆ ಕೊನೆಗೆ ಹಾಡ್ತಿದ್ದದ್ದು ಒಂದೇ ಹಾಡು, 'ಈ ಸ್ವತ್ತು ಮಾರಾಟಕ್ಕಿಲ್ಲ' ಅಂತ. ಅದು ಶುರುವಾಗೋ ಹೊತ್ತಿಗೆ ಬಿಲಾಲ್ ಇವನ ಅಂಗಿ ಹಿಡಿದು ಎಳೀತಿದ್ದ. ಬಸ್ ಸ್ಟಾಪಿನ ಕಡೆ ಓಡ್ತಾ ಓಡ್ತಾ ಹಿಂದಿನಿಂದ ಆ ಹಾಡಿನ ಮೊದಲ ಎರಡು ಸಾಲು ಮಾತ್ರ ಕೇಳಿಸೋದು, ಮಿಕ್ಕಿದ್ದು ಟ್ರಾಫಿಕ್ಕಿನಲ್ಲಿ ಮುಳುಗಿಹೋಗೋದು.

ಒಂದು ಸಂಜೆ ಜಯಕುಮಾರ್ ಮೈಕಿನ ಮುಂದೆ ಬಂದು, "ನೆಲಮಂಗಲದ ಇಬ್ರು ಇದ್ದಾರೆ ಇಲ್ಲಿ. ಪ್ರತೀ ಸಲ ಕೊನೇ ಹಾಡಿಗೆ ಎದ್ದು ಓಡ್ತಾರೆ. ಬಸ್ಸಂತೆ. ಇವತ್ತು ಕೊನೇ ಹಾಡು ಮೊದಲು ಹಾಡ್ತೀವಿ, ಅವರು ನೆಮ್ಮದಿಯಾಗಿ ಹೋಗ್ಲಿ," ಅಂದ. ಜನ ನಕ್ಕರು. ಬಿಲಾಲ್ ನಕ್ಕ. ಸಿದ್ದರಾಜು ಮಾತ್ರ ಆ ಹಾಡು ಮುಗಿಯೋವರೆಗೂ ಅತ್ತ. ಅವನ ಜೀವಮಾನದಲ್ಲಿ ಅವನಿಗೋಸ್ಕರ ಅಂತ ಯಾರಾದರೂ ಏನಾದರೂ ಕ್ರಮ ತಪ್ಪಿಸಿದ್ದು ಅದೊಂದೇ ಸಲ.

ಆಮೇಲೆ ಎಲ್ಲರಿಗೂ ಆಗೋದೇ ಆಯ್ತು. ಬ್ಯಾಂಡು ಒಡೀತು. ಒಂದು ಸಿಡಿ ಉಳೀತು, ಅದರ ಹಾಡೆಲ್ಲ ಸಿದ್ದರಾಜುವಿನ ಫೋನಿಗೆ ಬಂತು. ಸಿದ್ದರಾಜುಗೆ ಮದುವೆ, ಮಗಳು, ಗೋಡೌನು, ಬಿಪಿ ಮಾತ್ರೆ. ಕೂದಲು ಹೋಯ್ತು. ಹೋಗುವಾಗ ಹೇಳಿ ಹೋಗಲಿಲ್ಲ. ಹೇಳಿದ್ದರೆ ಏನು ಮಾಡ್ತಿದ್ದನೋ ಗೊತ್ತಿಲ್ಲ, ಆದರೂ ಹೇಳಬೇಕಿತ್ತು ಅನ್ನೋ ಸಿಟ್ಟು ಅವನಿಗೆ. ಇಯರ್‌ಫೋನ್ ಹಾಕಿದಾಗ ಮಾತ್ರ ಒಳಗಿನವನಿಗೆ ಇನ್ನೂ ಇಪ್ಪತ್ಮೂರೇ. ಜಯಕುಮಾರ್‌ಗೂ ಅಲ್ಲಿ ಇಪ್ಪತ್ತಾರೇ. ಎರಡು ವರ್ಷದ ಹಿಂದೆ ಬಿಲಾಲ್ ಓಡಿಸೋ ಟ್ಯಾಕ್ಸಿಗೆ ಜಯಕುಮಾರ್ ಹತ್ತಿದ್ದನಂತೆ. ಪೀಣ್ಯದ ಯಾವುದೋ ಫ್ಯಾಕ್ಟರಿ ಸ್ಟೋರ್ಸಿನಲ್ಲಿ ಕೆಲಸ, ಮದುವೆಯಾಗಿಲ್ಲ, ತಾಯಿ ಜೊತೆ ದಾಸರಹಳ್ಳಿಯಲ್ಲಿ ವಾಸ. "ನಂಬರ್ ಇಸ್ಕೊಂಡಿದ್ದೀನಿ, ಕೊಡ್ಲಾ?" ಅಂದಿದ್ದ ಬಿಲಾಲ್. "ಬೇಡ ಬಿಡೋ, ಏನಂತ ಮಾತಾಡ್ಲಿ," ಅಂದಿದ್ದ ಸಿದ್ದರಾಜು. ನಾಚಿಕೆ ಅಂತ ಬಿಲಾಲ್‌ಗೆ ಹೇಳಿದ. ನಿಜವಾಗಿ ಹೆದರಿಕೆ. ಆ ಇಪ್ಪತ್ತಾರರ ಹುಡುಗನಿಗೆ ಏನಾಗಿದೆಯೋ ನೋಡೋ ಧೈರ್ಯ ಇರಲಿಲ್ಲ.

ಭಾನುವಾರ ಬೆಳಗಿನ ಜಾವ ಜಯಕುಮಾರ್ ಹೃದಯ ನಿಂತುಹೋಯ್ತು. ನಲವತ್ತೆಂಟು ವರ್ಷ. ಬಿಲಾಲ್ ಎಂಟು ಗಂಟೆಗೇ ಮೆಸೇಜು ಹಾಕಿದ್ದ, ಸೋಂಪುರದ ಹತ್ತಿರ ಅವರ ಹಳ್ಳಿ, ಮಧ್ಯಾಹ್ನ ಮಣ್ಣು ಅಂತ. ಆದರೆ ಗೋಡೌನಿನಲ್ಲಿ ಡ್ಯೂಟಿಗೆ ಹತ್ತುವಾಗ ಫೋನನ್ನ ಗೇಟಿನ ಲಾಕರಿನಲ್ಲಿ ಇಟ್ಟು ಒಳಗೆ ಹೋಗಬೇಕು. ಸಂಜೆ ಐದಕ್ಕೆ ಲಾಕರ್ ತೆಗೆದು ನೋಡಿದಾಗ ಮಣ್ಣಾಗಿ ಎರಡು ಗಂಟೆ ಆಗಿತ್ತು. ಸಿದ್ದರಾಜು ಗೇಟಿನ ಹತ್ತಿರ ಹಾಗೇ ಕೂತುಬಿಟ್ಟ. ಮಾರನೇ ದಿನದ ಯಾವ ಪೇಪರಿನಲ್ಲೂ ಒಂದು ಸಾಲು ಇರಲಿಲ್ಲ.

ಸೋಮವಾರ ಬಿಲಾಲ್ ಮನೆಗೆ ಬಂದು ಹೇಳಿದ ಮಾತು ಇನ್ನೂ ಕೆಟ್ಟದಾಗಿತ್ತು. "ಇಪ್ಪತ್ತು ಜನಾನೂ ಇರಲಿಲ್ಲ ಕಣೋ. ಹಾಡಿನ ಕಡೆಯಿಂದ ನಾನೊಬ್ನೇ. ಅವರಮ್ಮ ನನ್ನ ಕೈ ಹಿಡ್ಕೊಂಡು ಕೇಳಿದ್ರು. ನನ್ ಮಗ ಹಾಡ್ತಿದ್ದನಂತಲ್ಲಪ್ಪ, ಅದನ್ನ ಯಾರಾದ್ರೂ ಕೇಳೋರಾ ಅಂತ. ನಾನು ಕೇಳ್ತಿದ್ರು ಅಮ್ಮ ಅಂದೆ. ನಂಬ್ಲಿಲ್ಲ. ಸಮಾಧಾನಕ್ಕೆ ಹೇಳ್ತಿದ್ದೀಯ ಅಂದ್ರು."

ಜ್ಯೋತಿಲಕ್ಷ್ಮಿ ಕೊಟ್ಟ ಕಾಫಿ ಸಿದ್ದರಾಜುಗೆ ಇಳೀಲಿಲ್ಲ. ಯಾರಾದರೂ ಕೇಳೋರಾ ಅಂತೆ. ಇಪ್ಪತ್ತು ವರ್ಷ ದಿನಾ ಕೇಳಿದವನು ಇಲ್ಲಿ ಕೂತಿದ್ದಾನೆ, ಆ ತಾಯಿಗೆ ಗೊತ್ತಿಲ್ಲ. ಅವನ ತಲೆಯಲ್ಲಿ ಆಗ ಹೊಳೆದದ್ದು ಫ್ಲೆಕ್ಸು. ನಮ್ಮ ಕಡೆ ಯಾರು ಹೋದರೂ ಮಾರನೇ ಬೆಳಿಗ್ಗೆ ಸರ್ಕಲ್ಲಿನಲ್ಲಿ ಫ್ಲೆಕ್ಸು ಏಳುತ್ತೆ. ಮಾಜಿ ಮೆಂಬರ್‌ಗೆ ಏಳುತ್ತೆ, ಚಿಕನ್ ಅಂಗಡಿ ಓನರ್ ಷಡ್ಡಕನಿಗೂ ಏಳುತ್ತೆ. ಫ್ಲೆಕ್ಸು ಎದ್ದರೆ ಆ ಮನುಷ್ಯನಿಗೆ ಜನ ಇದ್ದರು ಅಂತ ಅರ್ಥ. ಮಂಗಳವಾರ ಮೂರನೇ ದಿನ, ಹಾಲು-ತುಪ್ಪ. ತಾಯಿಯನ್ನ ದಾಸರಹಳ್ಳಿಯಿಂದ ಸೋಂಪುರದ ಕಡೆಗೆ ಬಿಲಾಲೇ ತನ್ನ ಕಾರಿನಲ್ಲಿ ಕರ್ಕೊಂಡು ಹೋಗೋನಿದ್ದ.

"ಫ್ಲೈಓವರ್ ಹತ್ತಬೇಡ. ಬಸ್ ಸ್ಟ್ಯಾಂಡ್ ಮುಂದೆ ಕರ್ಕೊಂಡು ಬಾ. ಆ ತಾಯಿ ನೋಡಬೇಕು," ಅಂದ ಸಿದ್ದರಾಜು.

ಯಾವುದೋ ಫ್ಲೆಕ್ಸಿನ ಮೂಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದ. ವಜೀರ್ ಅಂತ ಅಂಗಡಿಯವನು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಫೋಟೋ ಕಳಿಸಿ, ಹೆಸರು ಕಳಿಸಿ, ಕೆಳಗೆ ನಿಮ್ಮ ಫೋಟೋನೂ ಒಂದು ಕಳಿಸಿ ಅಂದ. "ನಂದು ಬೇಡ ಬಿಡಿ," ಅಂದ ಸಿದ್ದರಾಜು. "ಹಾಕಿಸಿದವರ ಫೋಟೋ ಇಲ್ದಿದ್ರೆ ಅನಾಥ ಫ್ಲೆಕ್ಸ್ ಥರ ಕಾಣುತ್ತೆ ಸಾರ್, ಹೋದವರಿಗೇ ಮರ್ಯಾದೆ ಅಲ್ಲ," ಅಂದ ವಜೀರ್. ಸಿದ್ದರಾಜು ಜಯಕುಮಾರ್‌ದೊಂದು, ತನ್ನದೊಂದು ಕಳಿಸಿದ. ಜಯಕುಮಾರ್‌ದು ಅವನ ಹತ್ತಿರ ಇದ್ದದ್ದು ಒಂದೇ, ಇಪ್ಪತ್ತೆರಡು ವರ್ಷದ ಹಿಂದಿನದು.

ಈಗ ನೋಡಿದರೆ ಹೀಗೆ. ಗಂಟೆ ಏಳೂವರೆ, ಬಿಲಾಲ್ ಕಾರು ಬರೋದು ಹತ್ತಕ್ಕೆ.

ಸಿದ್ದರಾಜು ವಜೀರ್ ಅಂಗಡಿಗೆ ಓಡಿದ. ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ಕೆಳಗೆ ಅಂಗಡಿ, ಮೇಲೆ ಮನೆ. ಶಟರ್ ಬಡಿದ ಸದ್ದಿಗೆ ವಜೀರ್ ಹಲ್ಲುಜ್ಜುತ್ತಾ ಇಳಿದು ಬಂದ. ಶಟರ್ ಎತ್ತಿ ಮುಂದೆ ನಿಂತಿದ್ದ ಮುಖ ನೋಡಿದ್ದೇ ತಡ, ಬ್ರಷ್ಷು ಕೈಯಿಂದ ಜಾರಿ ಬಿತ್ತು. ಹಿಂದಿನ ರಾತ್ರಿ ಆ ಮುಖಕ್ಕೆ ಅವನೇ ನಿಂತು ಹಾರ ಹಾಕಿಸಿದ್ದ.

"ಯಾ ಅಲ್ಲಾ," ಅಂದು ಗೋಡೆ ಹಿಡಿದ.

"ನಾನು ಸತ್ತಿಲ್ಲ. ಕೆಳಗೆ ಇದ್ದಾರಲ್ಲ, ಅವರು ಸತ್ತಿರೋದು," ಅಂದ ಸಿದ್ದರಾಜು.

ವಜೀರ್‌ ಮೆಟ್ಟಿಲ ಕಡೆ ತಿರುಗಿದ. ಮಗಳನ್ನ ಕೂಗಿದ. ಮೆಹ್ನಾಜ್ ಅಂತ, ಡಿಗ್ರಿ ಮುಗಿಸಿ ಅಪ್ಪನ ಅಂಗಡಿಯ ಡಿಸೈನು ನೋಡ್ಕೊಳ್ತಾಳೆ. ದುಪ್ಪಟ್ಟ ಸರಿಮಾಡಿಕೊಳ್ತಾ ಬಂದವಳು ಸಿದ್ದರಾಜುನ ನೋಡಿ ಮೆಟ್ಟಿಲ ಮೇಲೇ ನಿಂತಳು. ತಪ್ಪು ಅವಳಿಗೆ ಒಂದೇ ಕ್ಷಣಕ್ಕೆ ಹೊಳೀತು. ಕಣ್ಣಲ್ಲಿ ನೀರು ಬಂದುಬಿಡ್ತು.

"ಎರಡು ಫೋಟೋ ಬಂತು ಅಂಕಲ್. ಯಾವುದು ಯಾರದು ಅಂತ ಬರ್ದಿರ್ಲಿಲ್ಲ. ಒಂದು ಹುಡುಗನ್ದು, ಒಂದು... ಅಂಕಲ್‌ದು. ಹೋಗಿರೋದು ಅಂಕಲ್ಲೇ ಅಲ್ವಾ ಅಂದ್ಕೊಂಡೆ."

ಸಿದ್ದರಾಜು ಬೈಯೋದಕ್ಕೆ ಅಂತಲೇ ಓಡಿಬಂದಿದ್ದ, ಬೈಗುಳ ಒಂದೂ ಸಿಕ್ಕಲಿಲ್ಲ. ಆ ಹುಡುಗಿ ಹೇಳಿದ್ದರಲ್ಲಿ ತಪ್ಪೇನಿತ್ತು? ಎರಡು ಮುಖ ಪಕ್ಕ ಪಕ್ಕ ಇಟ್ಟರೆ ಯಾರೇ ಆಗಲಿ ಇವನನ್ನೇ ಕಳಿಸಿಕೊಡ್ತಿದ್ದರು.

"ನಂಗೆಷ್ಟು ವಯಸ್ಸಿರಬಹುದಮ್ಮ?" ಅಂದ.

ಅವಳು ಅಪ್ಪನ ಮುಖ ನೋಡಿದಳು. "ಐವತ್ತೆಂಟು... ಅರವತ್ತು?"

"ನಲವತ್ತೈದು. ಆ ಹುಡುಗ ನನಗಿಂತ ಮೂರು ವರ್ಷಕ್ಕೆ ದೊಡ್ಡೋನು."

ಕಂಪ್ಯೂಟರ್ ಪಕ್ಕದ ಗಾಜಿನಲ್ಲಿ ಸಿದ್ದರಾಜುಗೆ ತನ್ನ ಮುಖ ಕಾಣಿಸಿತು. ದಿನಾ ಕ್ಷೌರ ಮಾಡ್ಕೊಳ್ಳೋ ಮುಖವೇ. ಆದರೂ ಇವನ್ಯಾರು ಅನ್ನಿಸಿತು. ಇಷ್ಟು ದಿನ ಕಿವಿ ಮುಚ್ಚಿಕೊಂಡು ಕೂತಿದ್ದ, ಹೊರಗೆ ಯಾರೋ ಬಂದು ಎಲ್ಲಾ ಎತ್ತಿಕೊಂಡು ಹೋಗಿದ್ದರು.

ಮೆಹ್ನಾಜ್ ಕಣ್ಣೊರೆಸಿಕೊಂಡು ಕೂತು ಐದೇ ನಿಮಿಷದಲ್ಲಿ ಫೋಟೋ ಸರಿಮಾಡಿದಳು. ವಜೀರ್ ಪ್ರಿಂಟಿನ ಮಶೀನು ಹಾಕಿದ. ಮಶೀನು ಒಂದು ಗೇಣು ಎಳೆದು ನಿಂತಿತು. ಕರೆಂಟು ಹೋಯ್ತು. ಯುಪಿಎಸ್ಸು ಕಂಪ್ಯೂಟರಿಗೆ ಸಾಕು, ಆ ಮಶೀನಿಗೆ ಸಾಲದು. ಟ್ರಾನ್ಸ್‌ಫಾರ್ಮರ್ ರಿಪೇರಿ, ಹನ್ನೊಂದರವರೆಗೆ ಇಡೀ ಪೇಟೆಗೇ ಇಲ್ಲ ಅಂತ ಪಕ್ಕದ ಅಂಗಡಿಯವರು ಹೇಳಿದರು.

ಸಿದ್ದರಾಜು ಬಿಲಾಲ್‌ಗೆ ಫೋನ್ ಮಾಡಿದ. "ಲೇ, ಫ್ಲೈಓವರ್ ಮೇಲೇ ಹೋಗ್ಬಿಡೋ."

"ಆಗಲ್ಲ ಗುರು. ಅಮ್ಮನಿಗೆ ಹೇಳ್ಬಿಟ್ಟಿದ್ದೀನಿ. ನಿಮ್ಮ ಮಗನಿಗೆ ಊರಲ್ಲಿ ಫ್ಲೆಕ್ಸ್ ಹಾಕ್ಸಿದ್ದಾರೆ ಅಂತ. ಬೆಳಿಗ್ಗೆಯಿಂದ ಬಾಗಿಲಲ್ಲೇ ನಿಂತಿದ್ದಾರೆ. ಮುಂದಿನ ಸೀಟೇ ಬೇಕಂತೆ."

ಫ್ಲೆಕ್ಸು ಬಿಚ್ಚಿಸಿದರೆ ಆ ತಾಯಿ ಬರೀ ಕಂಬ ನೋಡಬೇಕು. ಬಿಚ್ಚದಿದ್ದರೆ ಮಗನ ಹೆಸರಿಗೆ ಇನ್ಯಾರದೋ ಬುರುಡೆ ನೋಡಬೇಕು. ಸರ್ಕಲ್ಲಿಗೆ ವಾಪಸ್ ಬಂದು, ಫ್ಲೆಕ್ಸು ಕಟ್ಟೋ ಪಿಳ್ಳಣ್ಣನ ಕೈಯಲ್ಲಿ ತನ್ನ ಮುಖಕ್ಕೆ ಒಂದು ಬಿಳೀ ಟವೆಲ್ ಹೊದಿಸಿದ. ಕೆಳಗಿಳಿದು ನೋಡಿದರೆ ಹೆಣಕ್ಕೆ ಮುಸುಕು ಹಾಕಿದ ಹಾಗೇ ಇದೆ. ಒಬ್ಬ ಹೆಂಗಸು ಗಲ್ಲ ಗಲ್ಲ ಬಡಿದುಕೊಂಡು ಹೋದಳು. ಟವೆಲ್ ತೆಗೆಸಿದ.

ಅಷ್ಟರಲ್ಲಿ ಸುದ್ದಿ ಫೋನಿನಲ್ಲಿ ಓಡಾಡ್ತಿತ್ತು. ಯಾರೋ ಫ್ಲೆಕ್ಸಿನ ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದರು. ಜ್ಯೋತಿಲಕ್ಷ್ಮಿ ಫೋನ್ ಮಾಡಿ, "ತವರಿಂದ ಫೋನ್ ಮಾಡಿ ಅಳ್ತಿದ್ದಾರೆ. ನೀವು ಬೆಳಿಗ್ಗೆ ಇಡ್ಲಿ ತಿಂದು ಹೋದ್ರಿ ಅಂದ್ರೆ ಪಾಪ, ಬುದ್ಧಿ ಕೆಟ್ಟಿದೆ ಅಂತ ಇನ್ನೂ ಅಳ್ತಾರೆ," ಅಂದಳು. ಒಂದಾದ ಮೇಲೆ ಒಂದು ಫೋನು. ನಾನು ಬದುಕಿದ್ದೀನಿ, ನಾನು ಬದುಕಿದ್ದೀನಿ ಅಂತ ಹೇಳಿ ಹೇಳಿ ಒಂಬತ್ತೂವರೆಗೆ ಬ್ಯಾಟರಿ ಸತ್ತಿತು.

ಎರಡನೇ ಶಿಫ್ಟಿನ ಕಂಪನಿ ಬಸ್ಸು ಬಂತು. ಫ್ಲೆಕ್ಸಿನ ಮುಂದೆ ನಿಂತೇಬಿಟ್ಟಿತು. ನಲವತ್ತು ಜನ ಕಿಟಕಿಯಿಂದ ಮೊದಲು ಮೇಲಿನ ಸಿದ್ದರಾಜುನ ನೋಡಿದರು, ಆಮೇಲೆ ಕೆಳಗೆ ನಿಂತಿದ್ದ ಸಿದ್ದರಾಜುನ. ಜೊತೆಗೆ ಕೆಲಸ ಮಾಡೋ ರವಿಚಂದ್ರ ಇಳಿದು ಬಂದು ಇವನ ಕೈ ಮುಟ್ಟಿ ಮುಟ್ಟಿ ನೋಡಿದ. "ಎದೆ ಒಡೆದುಹೋಯ್ತು ಸಿದ್ದಣ್ಣ. ಬಸ್ಸಲ್ಲೆಲ್ಲ ಅದೇ ಮಾತಾಡ್ಕೊಂಡ್ ಬಂದ್ವಿ. ಎಂಥ ಒಳ್ಳೇ ಮನುಷ್ಯ, ದಿನಾ ಭಜನೆ ಕೇಳ್ತಾ ಕೂತಿರೋರು ಅಂತ."

ನಾಳೆ ನಿಜವಾಗಿ ಸತ್ತರೂ ಇದನ್ನೇ ಅಂತಾರೆ, ಅಂದ್ಕೊಂಡ ಸಿದ್ದರಾಜು. ಅವನಿಗೆ ಅಳು ಬಂತು. ಯಾರಾದರೂ ಕೇಳೋರಾ ಅಂತ ಕೇಳಿದ ಆ ತಾಯಿಗೆ ಇಷ್ಟು ವರ್ಷ ಉತ್ತರ ಹೇಳದೇ ಬಚ್ಚಿಟ್ಟುಕೊಂಡಿದ್ದವನು ತಾನೇ.

ಹತ್ತೂಹತ್ತಕ್ಕೆ ಬಿಲಾಲ್ ಕಾರು ಬಂದು ನಿಂತಿತು. ಮುಂದಿನ ಬಾಗಿಲಿಂದ ಒಂದು ಸಣ್ಣ ಜೀವ ಇಳೀತು. ಮುನಿವೆಂಕಟಮ್ಮ, ಜಯಕುಮಾರ್ ತಾಯಿ. ಎಪ್ಪತ್ತರ ಮೇಲಾಗಿದೆ. ಕೈಯಲ್ಲಿ ಮಗನ ಗುಂಡಿಗೆ ಹಾಕೋ ಹಾಲಿನ ಕ್ಯಾನು. ಬಿಲಾಲ್ ಈ ಕಡೆಯಿಂದ ಇಳಿದು ಫ್ಲೆಕ್ಸು ನೋಡಿ, ಸಿದ್ದರಾಜುನ ನೋಡಿ, ತಲೆ ಮೇಲೆ ಕೈ ಇಟ್ಕೊಂಡ.

ಆಯಮ್ಮನಿಗೆ ಓದು ಬರ್ತಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿ ಮೇಲಿನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದುರಿಗೆ ಅದೇ ಮುಖ ಕೈಮುಗಿದು ನಿಂತಿರೋದು ಕಂಡು ಒಂದು ಹೆಜ್ಜೆ ಹಿಂದೆ ಹೋದಳು.

"ನೀನು ಸತ್ತಿಲ್ವೇನಪ್ಪ?" ಅಂದಳು.

"ಇಲ್ಲಮ್ಮ. ಫೋಟೋ ತಪ್ಪಾಗಿದೆ. ಮೇಲೆ ಅವರು ಇರಬೇಕಿತ್ತು. ಕೆಳಗೆ ನಾನು. ತಪ್ಪಾಯ್ತಮ್ಮ, ದೊಡ್ಡ ತಪ್ಪಾಯ್ತು."

ಆಯಮ್ಮ ಆಗ ಕೆಳಗಿನ ಮೂಲೆ ನೋಡಿದಳು. ಹತ್ತಿರ ಹೋಗಿ ಬಗ್ಗಿ, ಆ ಹುಡುಗನ ಕೂದಲ ಮೇಲೆ ಬೆರಳಾಡಿಸಿದಳು. "ಈ ಕೂದ್ಲು. ನಾನೇ ಬೈದೂ ಬೈದೂ ಕತ್ತರಿಸ್ಬಿಟ್ಟೆ," ಅಂದಳು. ಎದ್ದು ನಿಂತು ಸಿದ್ದರಾಜುನ 'ಇವನ್ಯಾರು' ಅನ್ನೋ ಹಾಗೆ ನಿಧಾನಕ್ಕೆ ನೋಡಿದಳು. "ನೀನೇನೂ ಬೇಜಾರು ಮಾಡ್ಕಬ್ಯಾಡ ಕಣಪ್ಪ. ಅವನೂ ನಿನ್ನಂಗೇ ಆಗಿದ್ದ. ಇಂಗೇ ಬೋಳು, ಇಂಗೇ ಹೊಟ್ಟೆ. ಕಾರಿಂದ ನೋಡ್ದಾಗ ಅವ್ನೇ ಅಂದ್ಕಂಡು ಎದೆ ಝಲ್ ಅಂತು."

ಆ ಇಪ್ಪತ್ತಾರರ ಹುಡುಗ ಸಿದ್ದರಾಜುವಿನ ಹಾಗೇ ಬೋಳಾಗಿ, ಅವನ ಹಾಗೇ ಹೊಟ್ಟೆ ಬೆಳೆಸಿಕೊಂಡು, ಹದಿನೈದು ಕಿಲೋಮೀಟರ್ ದೂರದಲ್ಲಿ ಬದುಕಿದ್ದ. ಒಂದು ಫೋನು ಮಾಡಲಿಲ್ಲ ಇವನು.

"ಯಾಕಪ್ಪ ಹಾಕ್ಸಿದ್ದೆ ಇದನ್ನ? ನಿಂಗೇನಾಗ್ಬೇಕು ಅವ್ನು?"

"ಹಾಡು ಕೇಳ್ತಿದ್ದೆ ಅಮ್ಮ."

"ದಿಟವಾಗ್ಲೂ?"

"ಮೂವತ್ತೊಂದು ಸಲ ಹೋಗಿ ಕೇಳಿದ್ದೀನಿ. ಇವತ್ತೂ ಕೇಳ್ತೀನಿ."

"ಅಂಗಾದ್ರೆ ಒಂದು ಹಾಡು ಯೋಳು," ಅಂದಳು ಆಯಮ್ಮ. ನಂಬಿಕೆ ಇನ್ನೂ ಇರಲಿಲ್ಲ, ಪರೀಕ್ಷೆ ಮಾಡೋ ದನಿ ಅದು.

ಸಿದ್ದರಾಜು ಫೋನಿಗೆ ಕೈಹಾಕಿದ. ಸತ್ತುಹೋಗಿತ್ತು. ಆ ಬ್ಯಾಂಡಿನ ಹಾಡು ಬೇರೆ ಎಲ್ಲೂ ಇಲ್ಲ, ಬಿಲಾಲ್ ಹತ್ತಿರಾನೂ ಇಲ್ಲ. ಸುತ್ತ ಜನ ಸೇರಿದ್ದರು. ಗೋಪಾಲಪ್ಪ, ಪಿಳ್ಳಣ್ಣ, ವಜೀರ್, ಮೆಹ್ನಾಜ್, ಬಸ್ಸು ಬಿಟ್ಟು ನಿಂತ ರವಿಚಂದ್ರ. ತುಮಕೂರು ಕಡೆಯ ಲಾರಿಗಳು ಹಾರನ್ ಹೊಡೀತಿದ್ದವು. ಸಿದ್ದರಾಜು ಹುಟ್ಟಿದಾಗಿನಿಂದ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹಾಡಿದವನಲ್ಲ. ತನ್ನ ಸಾವಿನ ಫ್ಲೆಕ್ಸಿನ ಕೆಳಗೆ ನಿಂತು, ಕಣ್ಣು ಮುಚ್ಚಿ, ಶುರು ಮಾಡಿದ.

ಈ ಸ್ವತ್ತು ಮಾರಾಟಕ್ಕಿಲ್ಲ
ಬೇಲಿ ಇಲ್ಲ ಬಾಗಿಲಿಲ್ಲ

ದನಿ ಒಡೆದಿತ್ತು, ಶ್ರುತಿ ಎಲ್ಲೋ ಇತ್ತು. ಬಿಲಾಲ್ ಪಕ್ಕಕ್ಕೆ ಬಂದು ನಿಂತು ಕೂಡಿಕೊಂಡ.

ಮಳೆಗೆ ನೆಂದು ಬಿಸಿಲಿಗೊಣಗಿ
ನಾನು ಇಲ್ಲೇ ಇರ್ತೀನಲ್ಲ

"ಚೆನ್ನಾಗದೆ, ಯಾವ ಸಿನಿಮಾದ್ದು?" ಅಂತ ಗೋಪಾಲಪ್ಪ ಯಾರನ್ನೋ ಪಿಸುಗುಟ್ಟಿ ಕೇಳಿದ್ದು ಸಿದ್ದರಾಜುಗೆ ಕೇಳಿಸಿತು.

ಅಷ್ಟರಲ್ಲಿ ಯಾರೋ ಅವನ ಮುಂಗೈ ಹಿಡಿದರು. ಕಣ್ಣು ಬಿಟ್ಟ. ಮುನಿವೆಂಕಟಮ್ಮ.

"ಇದು ಅವನ್ದಾ?" ಅಂದಳು.

"ಹೂಂ ಅಮ್ಮ. ಅವರೇ ಬರೆದಿದ್ದು. ಅವರೇ ಹಾಡ್ತಿದ್ದದ್ದು."

"ದಿನಾ ಬೆಳಿಗ್ಗೆ ಬಚ್ಚಲಲ್ಲಿ ನೀರು ಹುಯ್ಕೊಳ್ವಾಗ ಯೋಳೋನು. ಇಪ್ಪತ್ತು ವರ್ಸದಿಂದ. ಮೊನ್ನೆ ಶನಿವಾರಾನೂ ಯೋಳ್ದ." ಆಯಮ್ಮ ಫ್ಲೆಕ್ಸಿನ ಮೂಲೆ ಕಡೆ ತಿರುಗಿದಳು. "ನಾನು ಯಾವ್ದೋ ಸಿನಿಮಾದ್ದು ಅಂದ್ಕಂಡಿದ್ದೆ. ರೊಟ್ಟಿ ಆರೋಯ್ತದೆ ಬಾರ್ಲಾ ಅಂತ ಬಾಗ್ಲು ಬಡೀತಿದ್ದೆ. ನಿಲ್ಲಿಸ್ಬಿಡೋನು. ಒಂದು ದಿನಾನೂ ಪೂರ್ತಿ ಯೋಳಕ್ಕೆ ಬಿಡ್ಲಿಲ್ಲ ಕಣಪ್ಪ ನಾನು."

ಆಯಮ್ಮ ಹಾಲಿನ ಕ್ಯಾನನ್ನ ನೆಲಕ್ಕಿಟ್ಟು, ಫ್ಲೆಕ್ಸಿನ ಕಂಬಕ್ಕೆ ಒರಗಿ ಅಲ್ಲೇ ಮಣ್ಣಿನಲ್ಲಿ ಕೂತಳು.

"ಮಿಕ್ಕಿದ್ದು ಯೋಳಪ್ಪ," ಅಂದಳು.